ಜಾಲತಾಣಕ್ಕೆ ಅಂಕ ಕೊಡಬೇಕಾದವರು ಯಾರು?

ವಾರನ್ ಬಫೆಟ್ ಕಟ್ಟಿ ಬೆಳೆಸಿದ ಬರ್ಕ್‌ಶೈರ್ ಹ್ಯಾಥವೇ ಜಗತ್ತಿನ ಅತಿ ಸಿರಿವಂತ ಕಂಪನಿಗಳಲ್ಲಿ ಒಂದು. ಅದರ ಜಾಲತಾಣ ತೆರೆದರೆ ಕಾಣುವುದು ಬಿಳಿ ಹಿನ್ನೆಲೆ, ಮೇಲೆ ಕಂಪನಿಯ ಹೆಸರು, ಕೆಳಗೆ ಒಂದಿಷ್ಟು ಕೊಂಡಿಗಳು. ಚಲಿಸುವ ಚಿತ್ರವಿಲ್ಲ, ನಗುವ ಮುಖಗಳ ಫೋಟೊಗಳಿಲ್ಲ. ತೊಂಬತ್ತರ ದಶಕದ ಪುಟ ಹೇಗಿರುತ್ತಿತ್ತೋ ಹಾಗೇ ಇದೆ. ಷೇರುದಾರರು ಹುಡುಕಿಕೊಂಡು ಬರುವುದು ಬಫೆಟ್‌ರ ವಾರ್ಷಿಕ ಪತ್ರಗಳನ್ನು. 1977ರಿಂದೀಚಿನ ಪತ್ರಗಳೆಲ್ಲ ವರ್ಷವಾರು ಅಲ್ಲಿವೆ, ಎರಡು ಸಲ ಒತ್ತಿದರೆ ತೆರೆದುಕೊಳ್ಳುತ್ತವೆ.

ಇನ್ನೊಂದು ತುದಿಯಲ್ಲಿ ಆವ್ವರ್ಡ್ಸ್ ಎಂಬ ಸಂಸ್ಥೆ ಇದೆ. 2009ರಿಂದ ಅದು ಜಗತ್ತಿನ ಚೆಂದದ ಜಾಲತಾಣಗಳನ್ನು ಆರಿಸಿ ಬಹುಮಾನ ಕೊಡುತ್ತ ಬಂದಿದೆ. ವಿನ್ಯಾಸಕಾರರ ನಡುವೆ ಆ ಬಹುಮಾನಕ್ಕೆ ದೊಡ್ಡ ಮರ್ಯಾದೆ. ಅದು ಬಹಿರಂಗವಾಗಿ ಪ್ರಕಟಿಸಿದ ಅಂಕಪದ್ಧತಿಯಲ್ಲಿ ನೂರಕ್ಕೆ 40 ಅಂಕ ವಿನ್ಯಾಸಕ್ಕೆ, 30 ಬಳಕೆಯ ಅನುಕೂಲಕ್ಕೆ, 20 ಸೃಜನಶೀಲತೆಗೆ, 10 ಹೂರಣಕ್ಕೆ. ಅಂದರೆ ತಾಣದೊಳಗೆ ಏನಿದೆ ಎಂಬುದಕ್ಕೆ ಹತ್ತೇ ಅಂಕ. ಈ ಲೆಕ್ಕದಲ್ಲಿ ಬರ್ಕ್‌ಶೈರ್ ತಾಣ ಪಾಸಾಗುವುದು ಕಷ್ಟ. ಬಫೆಟ್‌ರ ಪತ್ರ ಓದಲು ಬಂದವರಿಗೋ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಒಳ್ಳೆಯ ಜಾಲತಾಣ ಯಾವುದು ಎಂದು ಮೂವತ್ತು ವರ್ಷಗಳಿಂದ ನಡೆದಿರುವ ವಾದ ಈ ಎರಡು ತುದಿಗಳ ನಡುವೆಯೇ ಓಡಾಡಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಇಟ್ಟುಕೊಂಡು ಬಂದವರಲ್ಲಿ ಅತಿ ಕಡಿಮೆ ಸೌಕರ್ಯ ಇರುವವರು ಯಾರೋ, ಹಳೆಯ ಫೋನು, ಮಂಜಾದ ಕಣ್ಣು, ಅಷ್ಟಕ್ಕಷ್ಟೇ ಇಂಗ್ಲಿಷ್ ಇರುವವರು ಯಾರೋ, ಅವರು ಇನ್ನೊಬ್ಬರನ್ನು ಕೇಳದೆ ಕೆಲಸ ಮುಗಿಸಿಕೊಂಡು ಎದ್ದರೆ ಅದು ಒಳ್ಳೆಯ ತಾಣ. ಅಂಕ ಕೊಡುವ ಅಧಿಕಾರ ಮೊದಲು ಅವರದು. ಉಳಿದ ಅಳತೆಗೋಲುಗಳು ಬೇಡವೆಂದಲ್ಲ. ಒಂದೊಂದರ ಹಿಂದೆಯೂ ಒಂದು ಕಥೆಯಿದೆ, ಒಂದೊಂದು ಕಡೆ ಅದು ಸೋಲುವುದೂ ಇದೆ.

ಟಿಮ್ ಬರ್ನರ್ಸ್ ಲೀ ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಮೊದಲ ಜಾಲತಾಣ 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಾಗ ಅದರಲ್ಲಿದ್ದುದು ಬರೀ ಅಕ್ಷರ ಮತ್ತು ಕೊಂಡಿಗಳು. ವಿಜ್ಞಾನಿಗಳು ಒಬ್ಬರಿಗೊಬ್ಬರು ಮಾಹಿತಿ ಹಂಚಿಕೊಳ್ಳಲು ಅಷ್ಟು ಸಾಕಿತ್ತು. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರ್ ಅಕ್ಷರಗಳ ನಡುವೆಯೇ ಚಿತ್ರ ತೋರಿಸತೊಡಗಿತು. ಆಮೇಲೆ ಪತ್ರಿಕೆ, ಜಾಹೀರಾತು ಲೋಕದ ಕಲಾವಿದರೆಲ್ಲ ಇತ್ತ ನುಗ್ಗಿದರು. ಅವರಿಗೆ ಮುದ್ರಿತ ಪುಟದ ಹಿಡಿತ ಬೇಕಾಗಿತ್ತು, ಇಂಥ ಸಾಲು ಇಂಥಲ್ಲೇ ಕೂರಬೇಕು ಎಂಬ ಹಟವಿತ್ತು. ಡೇವಿಡ್ ಸೀಗಲ್ 1996ರಲ್ಲಿ ಬರೆದ ಪುಸ್ತಕ ಅವರಿಗೆಲ್ಲ ಕೈಪಿಡಿಯಾಯಿತು: ಅಂಕಿಅಂಶ ತೋರಿಸಲೆಂದು ಇದ್ದ ಕೋಷ್ಟಕವನ್ನು ಪುಟ ಕಟ್ಟಲು ಬಳಸುವುದು, ಕಣ್ಣಿಗೆ ಕಾಣದ ಒಂದು ಪಿಕ್ಸೆಲ್ಲಿನ ಚಿತ್ರವನ್ನು ತುರುಕಿ ಅಕ್ಷರಗಳ ನಡುವೆ ಜಾಗ ಮಾಡುವುದು. ಪುಟ ಅಂದವಾಯಿತು, ಒಳಗಿನ ಕಟ್ಟಡ ಮಾತ್ರ ಗೋಜಲಾಯಿತು. ಅದೇ ವರ್ಷ ವಿನ್ಸೆಂಟ್ ಫ್ಲ್ಯಾಂಡರ್ಸ್ ಕೆಟ್ಟ ಪುಟಗಳನ್ನೇ ಆರಿಸಿ ತೋರಿಸಿ ಒಳ್ಳೆಯ ವಿನ್ಯಾಸ ಕಲಿಸಲು ಹೊರಟರು.

ಅದರ ಬೆನ್ನಿಗೇ ಫ್ಲ್ಯಾಶ್ ಎಂಬ ಅನಿಮೇಶನ್ ತಂತ್ರಾಂಶ ಬಂತು. ತಾಣ ತೆರೆದೊಡನೆ ಸಿನಿಮಾ ಟೈಟಲ್ಲಿನಂತೆ ಹೆಸರು ತೇಲಿಬರುವುದು, ಸಂಗೀತ ಮೊಳಗುವುದು ಶುರುವಾಯಿತು. ಡಯಲಪ್ ಸಂಪರ್ಕದವರು ಅದು ಇಳಿಯುವವರೆಗೆ ಕಾಯಬೇಕು. ಬಳಕೆಯ ಅನುಕೂಲದ ತಜ್ಞರಾದ ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ 2000ದ ಅಕ್ಟೋಬರ್‌ನಲ್ಲಿ ಫ್ಲ್ಯಾಶ್ ಶೇಕಡಾ 99ರಷ್ಟು ಕೆಟ್ಟದ್ದು ಎಂದು ಬರೆದರು. ವಿನ್ಯಾಸಕಾರರು ಕೆರಳಿದರು. ನೀಲ್ಸನ್‌ರ ಸ್ವಂತ ತಾಣದಲ್ಲಿ ಚಿತ್ರವೆಂಬುದೇ ಇಲ್ಲವಲ್ಲ, ಸೌಂದರ್ಯದ ಗಂಧವಿಲ್ಲದವರು ನಮಗೆ ಪಾಠ ಹೇಳುವುದೇ ಎಂದರು. ಇಂದು ಹಿಂದಿರುಗಿ ನೋಡಿದರೆ ಆ ವಾದದಲ್ಲಿ ನೀಲ್ಸನ್‌ರದೇ ಮೇಲುಗೈ. ಫ್ಲ್ಯಾಶ್ ಪುಟವನ್ನು ಅಂಧರ ಓದುತಂತ್ರಾಂಶ ಓದಲು ತಿಣುಕುತ್ತಿತ್ತು, ಬ್ರೌಸರಿನ ಹಿಂದಕ್ಕೆ ಗುಂಡಿ ಅದರೊಳಗೆ ಕೆಲಸ ಮಾಡುತ್ತಿರಲಿಲ್ಲ. ಫ್ಲ್ಯಾಶ್‌ನ ಒಡೆತನ ಹೊಂದಿದ್ದ ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಅದಕ್ಕೆ ಬೆಂಬಲ ನಿಲ್ಲಿಸಿತು. ಆ ಕಾಲದ ಬಹುಮಾನಿತ ತಾಣಗಳಲ್ಲಿ ಬಹಳಷ್ಟು ಈಗ ತೆರೆಯುವುದೇ ಇಲ್ಲ. ಸರ್ನ್‌ನ ಆ ಮೊದಲ ತಾಣದ ಉಳಿದಿರುವ ಹಳೆಯ ಪ್ರತಿ ಇವತ್ತಿನ ಮೊಬೈಲಿನಲ್ಲೂ ಅಚ್ಚುಕಟ್ಟಾಗಿ ತೆರೆಯುತ್ತದೆ.

ನೀಲ್ಸನ್ ಪಂಥದವರು ತೀರ್ಪನ್ನು ಅಭಿರುಚಿಯಿಂದ ಬಿಡಿಸಿ ಅಳತೆಗೆ ತಂದರು. ಒತ್ತಿದ್ದಕ್ಕೆ 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಆಯಿತೆನಿಸುತ್ತದೆ. 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ. 10 ಸೆಕೆಂಡು ದಾಟಿದರೆ ಮನಸ್ಸು ಬೇರೆಡೆ ಹೋಗುತ್ತದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಬಳಕೆಯ ಅನುಕೂಲವೆಂದರೆ ಏನೆಂದು ವ್ಯಾಖ್ಯಾನಿಸಿತು: ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಆದಮೇಲೆ ಸಮಾಧಾನವಿತ್ತೇ. 2000ದಲ್ಲಿ ಬಂದ ಸ್ಟೀವ್ ಕ್ರುಗ್‌ರ ಪುಟ್ಟ ಪುಸ್ತಕ ಇದನ್ನೆಲ್ಲ ಮನೆಮಾತಿನಲ್ಲಿ ಹೇಳಿತು. ಪುಟ ನೋಡಿದವರು ಮುಂದೇನು ಮಾಡಬೇಕೆಂದು ತಲೆ ಕೆರೆದುಕೊಳ್ಳುವಂತಿರಬಾರದು ಎಂಬುದೇ ಅದರ ತಿರುಳು.

ಆದರೆ ಅಳತೆಯೂ ಕೈಕೊಡುತ್ತದೆ. ಐದು ಜನರನ್ನು ಕೂರಿಸಿ ಪರೀಕ್ಷಿಸಿದರೆ ತಾಣದ ಶೇಕಡಾ 85ರಷ್ಟು ದೋಷ ಹೊರಬೀಳುತ್ತದೆ ಎಂದು ನೀಲ್ಸನ್ ಹೇಳಿದ್ದರು. ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ 2001ರಲ್ಲಿ ನಡೆಸಿದ ಅಧ್ಯಯನದಲ್ಲಿ ಐದು ಜನರಿಂದ ಸಿಕ್ಕಿದ್ದು ಶೇಕಡಾ 35 ಮಾತ್ರ. ಇನ್ನೂ ತಲೆಕೆಡಿಸಿದ್ದು ರೋಲ್ಫ್ ಮೋಲಿಕ್‌ರ ಪ್ರಯೋಗ. 1998ರ ಕೊನೆಯಲ್ಲಿ ಒಂಬತ್ತು ತಂಡಗಳಿಗೆ ಒಂದೇ ತಾಣವನ್ನು ಕೊಟ್ಟು ದೋಷ ಹುಡುಕಿ ಎಂದರು. ತಾಣ ಯಾವುದೆಂದರೆ ಹಾಟ್‌ಮೇಲ್ ಎಂಬ ಇಮೇಲ್ ಸೇವೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನೊಡನೆ ಕಟ್ಟಿ ಮೈಕ್ರೊಸಾಫ್ಟಿಗೆ ಮಾರಿದ್ದು. ತಂಡಗಳು ಒಟ್ಟು 310 ದೋಷ ಪಟ್ಟಿಮಾಡಿದವು. ಅದರಲ್ಲಿ ಶೇಕಡಾ 75 ದೋಷಗಳು ಒಂದೊಂದೇ ತಂಡದ ಕಣ್ಣಿಗೆ ಬಿದ್ದಂಥವು. ಒಂಬತ್ತೂ ತಂಡಗಳು ಒಪ್ಪಿದ ದೋಷ ಒಂದೂ ಇರಲಿಲ್ಲ.

ತಜ್ಞರೇ ಒಬ್ಬರೊಂದು ಹೇಳಿದರೆ ಇನ್ನೊಬ್ಬರೊಂದು ಹೇಳುತ್ತಾರಲ್ಲ, ಹಾಗಾದರೆ ಇದೆಲ್ಲ ಅವರವರ ರುಚಿಯೇ ಎಂದು ಕೆಲವರು ಇಲ್ಲಿಂದ ತೀರ್ಮಾನಕ್ಕೆ ಹಾರುತ್ತಾರೆ. ನಾನು ಒಪ್ಪುವುದಿಲ್ಲ. ಒಂಬತ್ತು ತಂಡಗಳು ಬೇರೆಬೇರೆ ಜನರನ್ನು ಕೂರಿಸಿ ಬೇರೆಬೇರೆ ಕೆಲಸ ಕೊಟ್ಟಿದ್ದವು, ಆದ್ದರಿಂದ ಬೇರೆಬೇರೆ ದೋಷ ಸಿಕ್ಕಿದವು. ದೊಡ್ಡ ತಾಣವೊಂದರಲ್ಲಿ ಯಾವ ತಂಡವೂ ಒಂದೇ ಸಲಕ್ಕೆ ಹುಡುಕಿ ಮುಗಿಸಲಾಗದಷ್ಟು ದೋಷ ಅಡಗಿರುತ್ತವೆ ಎಂಬುದನ್ನು ಇದು ತೋರಿಸುತ್ತದೆ. ಒಮ್ಮೆ ಪರೀಕ್ಷಿಸಿ ಸರ್ಟಿಫಿಕೇಟು ತೂಗುಹಾಕುವ ಅಭ್ಯಾಸ ಎಷ್ಟು ಟೊಳ್ಳು ಎಂಬುದನ್ನೂ ತೋರಿಸುತ್ತದೆ.

ಇನ್ನು ಸೌಂದರ್ಯ. ಅದು ಬರೀ ಹೊರಮೆರುಗು, ಕೆಲಸ ಆದರೆ ಸಾಕು ಎನ್ನುವವರಿಗೆ ಒಂದು ಘಟನೆ ಹೇಳಬೇಕು. 1995ರಲ್ಲಿ ಜಪಾನಿನ ಹಿಟಾಚಿ ಕಂಪನಿಯ ಕುರೊಸು ಮತ್ತು ಕಶಿಮುರ ಎಂಬ ಸಂಶೋಧಕರು ಎಟಿಎಂ ಪರದೆಯ 26 ಬಗೆಯ ಜೋಡಣೆಗಳನ್ನು 252 ಜನರಿಗೆ ತೋರಿಸಿದರು. ಯಾವುದು ಚೆಂದ ಎನಿಸಿತೋ ಅದೇ ಬಳಸಲು ಸುಲಭ ಎಂದೂ ಜನ ಹೇಳಿದರು. ಇಸ್ರೇಲಿನ ನೋಮ್ ಟ್ರಾಕ್ಟಿನ್‌ಸ್ಕಿಗೆ ಇದರ ಮೇಲೆ ನಂಬಿಕೆ ಬರಲಿಲ್ಲ. ಜಪಾನೀಯರಿಗೆ ಅಂದದ ಹುಚ್ಚು ಜಾಸ್ತಿ, ನಮ್ಮ ಜನ ಕೆಲಸದ ಕಡೆ ನೋಡುವವರು ಎಂದುಕೊಂಡು ಅದೇ ಪ್ರಯೋಗವನ್ನು ತಮ್ಮ ದೇಶದಲ್ಲಿ ಮಾಡಿದರು. ಅಂದಕ್ಕೂ ಸುಲಭವೆನಿಸುವುದಕ್ಕೂ ಇದ್ದ ನಂಟು ಅಲ್ಲಿ ಇನ್ನೂ ಗಟ್ಟಿಯಾಗಿ ಕಂಡಿತು. 2006ರಲ್ಲಿ ಕೆನಡಾದ ಗಿಟೆ ಲಿಂಡ್‌ಗಾರ್ಡ್ ಮತ್ತು ಸಂಗಡಿಗರು ಪುಟವೊಂದನ್ನು ಬರೀ 50 ಮಿಲಿಸೆಕೆಂಡು ತೋರಿಸಿದರೂ ಜನ ಅದರ ಅಂದಚೆಂದದ ಬಗ್ಗೆ ತೀರ್ಮಾನಕ್ಕೆ ಬಂದಿರುತ್ತಾರೆ ಎಂದು ತೋರಿಸಿದರು. ಸ್ಟ್ಯಾನ್‌ಫರ್ಡ್‌ನ ಬಿ.ಜೆ. ಫಾಗ್ ತಂಡ 2,684 ಜನರನ್ನು ಯಾವ ತಾಣವನ್ನು ಏಕೆ ನಂಬುತ್ತೀರಿ ಎಂದು ಕೇಳಿ 2002ರಲ್ಲಿ ವರದಿ ಪ್ರಕಟಿಸಿತು. ಜನರು ಕೊಟ್ಟ ಅಭಿಪ್ರಾಯಗಳಲ್ಲಿ ಶೇಕಡಾ 46.1ರಷ್ಟು ತಾಣದ ಹೊರನೋಟದ ಮಾತಾಡಿದ್ದವು. ಬರೆದವರು ಯಾರು, ಮಾಹಿತಿ ಎಲ್ಲಿಂದ ಬಂತು ಎಂಬುದೆಲ್ಲ ಹಿಂದೆ ಬಿದ್ದಿತ್ತು.

ಹೊರನೋಟಕ್ಕೆ ಇಷ್ಟು ಬಲವಿದೆಯೆಂಬುದು ಮೋಸಗಾರರಿಗೂ ಗೊತ್ತು. ಬ್ಯಾಂಕಿನ ಬಣ್ಣ, ಲಾಂಛನ, ಬಟನ್ನುಗಳನ್ನೆಲ್ಲ ಹಾಗ್ಹಾಗೇ ಎತ್ತಿಕೊಂಡು ಕಟ್ಟುವ ನಕಲಿ ತಾಣಗಳು ಜನರ ದುಡ್ಡು ದೋಚುವುದು ಇದರಿಂದಲೇ. ಹಾಗಾಗಿ ಚೆಂದ ಬೇಕು, ಅಚ್ಚುಕಟ್ಟಿಲ್ಲದ ತಾಣ ಜನರನ್ನು ಅನುಮಾನಕ್ಕೆ ನೂಕುತ್ತದೆ. ಚೆಂದವನ್ನೇ ಕೊನೆಯ ತೀರ್ಪೆಂದು ಹಿಡಿದರೆ ಮಾತ್ರ ಕಳ್ಳನಿಗೂ ಬಹುಮಾನ ಕೊಟ್ಟಂತಾಗುತ್ತದೆ.

ಅಂದವೂ ಅನುಕೂಲವೂ ಒಂದಕ್ಕೊಂದು ವೈರಿಗಳಲ್ಲವೆಂದು ಕಣ್ಣಾರೆ ತೋರಿಸಿಕೊಟ್ಟದ್ದು 2003ರಲ್ಲಿ ಡೇವ್ ಶೇ ಶುರುಮಾಡಿದ ಸಿಎಸ್‌ಎಸ್ ಜೆನ್ ಗಾರ್ಡನ್ ಎಂಬ ತಾಣ. ಒಂದೇ ಬರಹ, ಅಕ್ಷರವೊಂದೂ ಬದಲಾಗದೆ, ನೂರಾರು ಕಲಾವಿದರ ಕೈಯಲ್ಲಿ ನೂರಾರು ರೂಪ ತಳೆಯಿತು. 2010ರಲ್ಲಿ ಈಥನ್ ಮಾರ್ಕಟ್ ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿಧಾನವನ್ನು ವಿವರಿಸಿದರು. ಮೊಬೈಲಿನಲ್ಲೇ ಇಂಟರ್‌ನೆಟ್ ಕಂಡ ನಮ್ಮ ದೇಶಕ್ಕೆ ಅದರಿಂದಾದ ಉಪಕಾರ ದೊಡ್ಡದು.

ಸರ್ಕಾರಿ ತಾಣಗಳ ವಿಷಯದಲ್ಲಿ ಎರಡು ದೇಶಗಳ ಅನುಭವ ಮುಖ್ಯ. ಅಮೆರಿಕದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ಬಾಗಿಲು ತೆರೆದ ದಿನ ವಿಮೆಗೆ ಪೂರ್ತಿ ನೋಂದಾಯಿಸಿಕೊಳ್ಳಲು ಆದದ್ದು ಆರೇ ಜನರಿಗೆ. ತಾಂತ್ರಿಕ ಕಾರಣಗಳು ಹಲವಿದ್ದವು. ವಿನ್ಯಾಸದ ತಪ್ಪೊಂದು ಎದ್ದು ಕಾಣುವಂತಿತ್ತು: ಯಾವ ವಿಮೆಗೆ ಎಷ್ಟು ಬೆಲೆ ಎಂದು ಸುಮ್ಮನೆ ನೋಡಲು ಬಂದವರಿಗೂ ಮೊದಲು ಖಾತೆ ತೆರೆಯಿರಿ ಎಂದಿತು ತಾಣ. ಎಲ್ಲರೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, 2012ರ ಅಕ್ಟೋಬರ್‌ನಲ್ಲಿ, ಬ್ರಿಟನ್ ತನ್ನ ಸರ್ಕಾರಿ ಸೇವೆಗಳನ್ನು ಗವ್ ಡಾಟ್ ಯುಕೆ ಎಂಬ ಒಂದೇ ತಾಣಕ್ಕೆ ತರತೊಡಗಿತ್ತು. ಕಪ್ಪು ಬಿಳುಪು, ದೊಡ್ಡ ಅಕ್ಷರ, ಮಂತ್ರಿಗಳ ಫೋಟೊ ಇಲ್ಲದ ಮುಖಪುಟ. ಅಕ್ಷರಗಳಿಗೆ ಮೂಲ ಬ್ರಿಟನ್ನಿನ ರಸ್ತೆ ಫಲಕಗಳದು, ಆ ಫಲಕಗಳ ಲಿಪಿ ರೂಪಿಸಿದವರಲ್ಲೊಬ್ಬರಾದ ಮಾರ್ಗರೆಟ್ ಕಾಲ್ವರ್ಟ್ ಇದಕ್ಕೂ ಕೈಜೋಡಿಸಿದ್ದರು. ಲಂಡನ್ನಿನ ಡಿಸೈನ್ ಮ್ಯೂಸಿಯಂ 2013ರಲ್ಲಿ ಈ ತಾಣಕ್ಕೆ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಿತು. ಕಟ್ಟಡ, ಕುರ್ಚಿ, ಉಡುಪುಗಳೆಲ್ಲ ಕಣದಲ್ಲಿರುವ ಪ್ರಶಸ್ತಿಯದು. ಸರಳ ಸರ್ಕಾರಿ ಪುಟವೊಂದು ಅವನ್ನೆಲ್ಲ ಹಿಂದಿಕ್ಕಿತು.

ನಮ್ಮಲ್ಲಿ ಹೇಗಿದೆ? ಇದನ್ನು ತಿಳಿಯಲು ಜಾಲತಾಣ ನೋಡುವುದಕ್ಕಿಂತ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿಗೆ ಹೋಗಿ ನಿಲ್ಲುವುದು ಒಳ್ಳೆಯದು. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಲ್ಲಿ ನಾನು ಅಂಥ ಒಂದು ಅಂಗಡಿಯಲ್ಲಿ ಕೂತಿದ್ದೆ. ಪಿಯುಸಿ ಓದುವ ಹುಡುಗಿ ತಾಯಿಯೊಡನೆ ಬಂದಿದ್ದಳು. ಕೈಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ರೀಲ್ಸ್ ಮಾಡುವುದರಲ್ಲಿ, ಫೋನ್‌ಪೇ ಬಳಸುವುದರಲ್ಲಿ ಆಕೆ ಪಳಗಿದವಳೇ. ಮನೆಯಲ್ಲೇ ಕೂತು ಅರ್ಜಿ ತುಂಬಲು ನೋಡಿ ಸೋತು ಬಂದಿದ್ದಳು.

“ಅಣ್ಣ, ಫೋಟೊ ತಗೋತಾನೇ ಇಲ್ಲ” ಎಂದಳು.

“ಸೈಜ್ ಜಾಸ್ತಿ ಆಯ್ತಮ್ಮ, ಕಮ್ಮಿ ಮಾಡ್ಬೇಕು. ಆರ್‌ಡಿ ನಂಬರ್ ಹಾಕಿದ್ಯಾ?”

“ಅದೆಲ್ಲಿರುತ್ತೆ ಅಂತ ಗೊತ್ತಾಗ್ಲಿಲ್ಲ.”

ಫೋಟೊ 50 ಕೆಬಿ ಒಳಗಿರಬೇಕು ಎಂದು ತಾಣ ಹೇಳುತ್ತಿತ್ತು, ಅದೂ ಅರ್ಜಿ ಸಲ್ಲಿಸಿದ ಮೇಲೆ, ಇಂಗ್ಲಿಷಿನಲ್ಲಿ, ಕೆಂಪಕ್ಷರದಲ್ಲಿ. ಆಕೆಯ ಫೋನು ತೆಗೆಯುವ ಒಂದು ಚಿತ್ರ ಎರಡು ಮೂರು ಎಂಬಿ ಇರುತ್ತದೆ. ಕೊಟ್ಟ ಚಿತ್ರವನ್ನು ಬ್ರೌಸರಿನಲ್ಲೇ ಕುಗ್ಗಿಸಿ ತೆಗೆದುಕೊಳ್ಳುವಂತೆ ತಾಣ ಕಟ್ಟುವುದು ಇವತ್ತು ಹೊಸಬ ಪ್ರೋಗ್ರಾಮರ್‌ಗೂ ಬರುವ ಕೆಲಸ. ಅದನ್ನು ಮಾಡದ್ದರಿಂದ ಅಂಗಡಿಯವರು ಫೋಟೊ ಚಿಕ್ಕದು ಮಾಡಿಕೊಡುವುದಕ್ಕೇ ಒಂದು ದರ ಇಟ್ಟುಕೊಂಡಿದ್ದಾರೆ. ಜಾತಿ ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ ಕೇಳುವ ಖಾನೆಯ ಪಕ್ಕದಲ್ಲಿ ಅದು ಪತ್ರದ ಯಾವ ಜಾಗದಲ್ಲಿರುತ್ತದೆ ಎಂದು ಒಂದು ಪುಟ್ಟ ಚಿತ್ರ ಹಾಕಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಷ್ಟರಲ್ಲಿ ಸಮಯ ಮುಗಿಯಿತೆಂದು ತಾಣ ಹೊರಹಾಕಿತು. ತುಂಬಿದ್ದೆಲ್ಲ ಅಳಿಸಿಹೋಗಿತ್ತು, ಹೊಸ ಓಟಿಪಿ ಬೇಕಾಯಿತು. ಓಟಿಪಿ ಬರುವುದು ಹೊಲಕ್ಕೆ ಹೋಗಿದ್ದ ಅಪ್ಪನ ಫೋನಿಗೆ.

ಹೆಸರಿನ ಖಾನೆಗಳನ್ನು ನೋಡಿ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು, ಕೊನೆಯದು ಕಡ್ಡಾಯ. ನಮ್ಮ ಜನಕ್ಕೆ ಇರುವುದು ಒಂದು ಹೆಸರು, ಹಿಂದೆಯೋ ಮುಂದೆಯೋ ಒಂದೆರಡು ಇನಿಷಿಯಲ್. ಪಹಣಿಯಲ್ಲಿ ಅದೇ ವ್ಯಕ್ತಿ ಬಿನ್ ಎಂದು ತಂದೆಯ ಹೆಸರಿನೊಡನೆ, ಹೆಂಗಸಾದರೆ ಕೋಂ ಎಂದು ಗಂಡನ ಹೆಸರಿನೊಡನೆ ದಾಖಲಾಗಿರುತ್ತಾರೆ. ಆಧಾರಿನಲ್ಲಿ ಒಂದು ಬಗೆ, ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ. ಎರಡೂ ಹೊಂದುತ್ತಿಲ್ಲ ಎಂದು ತಾಣ ಅರ್ಜಿಯನ್ನು ತಿರಸ್ಕರಿಸಿದಾಗ ಜನ ತಮ್ಮದೇ ತಪ್ಪೆಂದುಕೊಂಡು ತಿದ್ದುಪಡಿಗೆ ಅಲೆಯುತ್ತಾರೆ. ಪಾಶ್ಚಾತ್ಯ ದೇಶಗಳ ಹೆಸರಿನ ಪದ್ಧತಿಯನ್ನು ಯೋಚಿಸದೆ ಎತ್ತಿ ತಂದಿಟ್ಟವರು ಅರ್ಜಿ ರೂಪಿಸಿದವರು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳು ಜನರಿಗೆ ನೆರವಾಗುತ್ತಿರುವುದು ನಿಜ, ಓದು ಬಾರದವರಿಗೆ ಅವು ಬೇಕೇಬೇಕು. ಓದು ಬಂದ, ಫೋನು ಬಲ್ಲ ಹುಡುಗಿಯೂ ಅಂಗಡಿಯ ಬೆಂಚಿನ ಮೇಲೆ ಕಾಯಬೇಕಾಗಿ ಬಂದರೆ ಅದು ಕೆಟ್ಟ ವಿನ್ಯಾಸ, ಅದರಲ್ಲಿ ಎರಡು ಮಾತಿಲ್ಲ.

ಕನ್ನಡದ ತಾಣಗಳಿಗೆ ಇವೆಲ್ಲದರ ಜೊತೆ ಅಕ್ಷರದ ಪರೀಕ್ಷೆಯೂ ಇದೆ. 1996ರಲ್ಲಿ ಯು.ಬಿ. ಪವನಜ ವಿಶ್ವಕನ್ನಡ ತಾಣ ತಂದಾಗ ಕನ್ನಡ ಅಕ್ಷರ ಪರದೆಯ ಮೇಲೆ ಮೂಡುವುದೇ ಸಾಹಸವಾಗಿತ್ತು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಅದು ನಿಮ್ಮ ಗಣಕದಲ್ಲಿ ಇಲ್ಲದಿದ್ದರೆ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಬಂದು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸೇರಿ, ಆಮೇಲೆ ಫೋನುಗಳಿಗೂ ಹಬ್ಬಿ ಆ ಕಷ್ಟ ತೀರಿತು. ತೀರದ್ದು ಇನ್ನೊಂದಿದೆ. ಇವತ್ತಿಗೂ ನಮ್ಮ ಬಹುಪಾಲು ತಾಣಗಳನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಕತ್ತರಿಸಿ, ಕೊನೆಗೆ ಕನ್ನಡವನ್ನು ಅದರೊಳಗೆ ಸುರಿಯಲಾಗುತ್ತದೆ. ರಾಷ್ಟ್ರ, ಸ್ತ್ರೀ, ವಸ್ತ್ರ ಎಂಬಂಥ ಪದಗಳಲ್ಲಿ ಒತ್ತಿನ ಕೆಳಗೊಂದು ಒತ್ತು ಇಳಿಯುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಸಾಕಾಗುವಷ್ಟೇ ಇಟ್ಟರೆ ಬಟನ್ನಿನ ಒಳಗೆ ಆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ಕೊಂಡಿಯ ಅಡಿಗೆರೆ ಒತ್ತಕ್ಷರದ ಹೊಟ್ಟೆಯನ್ನೇ ಸೀಳಿಕೊಂಡು ಹಾಯುತ್ತದೆ. ಇಂಗ್ಲಿಷಿನಲ್ಲಿ ಓದಲು ಸಾಕಾಗುವ 12 ಪಿಕ್ಸೆಲ್ ಗಾತ್ರದಲ್ಲಿ ಕನ್ನಡದ ದ ಮತ್ತು ಧ ನಡುವಿನ ಸೀಳು ಮುಚ್ಚಿಹೋಗುತ್ತದೆ, ಥ ಒಳಗಿನ ಚುಕ್ಕೆ ಕಾಣುವುದಿಲ್ಲ, ಪ ಯಾವುದು ಷ ಯಾವುದು ಎಂದು ಕಣ್ಣು ಕಿರಿದು ಮಾಡಬೇಕು. ಅದನ್ನೇ ದಪ್ಪಕ್ಷರ ಮಾಡಿದರೆ ಇನ್ನಷ್ಟು ಮಸಿ ಮೆತ್ತಿಕೊಳ್ಳುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ತಿರೊ ಕನ್ನಡ ಹೀಗೆ ಉಚಿತ ಲಿಪಿಗಳು ಬೇಕಾದಷ್ಟಿವೆ. ಗಾತ್ರವನ್ನು ಎರಡು ಪಿಕ್ಸೆಲ್ ಹೆಚ್ಚಿಸಿ, ಸಾಲುಗಳ ನಡುವೆ ಒಂದಿಷ್ಟು ಉಸಿರಾಡಲು ಬಿಟ್ಟರೆ ಓದು ಹಗುರಾಗುತ್ತದೆ. ದುಡ್ಡು ಖರ್ಚಾಗುವ ಕೆಲಸವಲ್ಲ ಇದು; ಕನ್ನಡ ಓದುವವರೊಬ್ಬರು ಕಟ್ಟುವ ತಂಡದಲ್ಲಿದ್ದು, ಅವರ ಮಾತಿಗೆ ಬೆಲೆ ಇದ್ದರೆ ಸಾಕು.

ಇದಕ್ಕಿಂತ ದೊಡ್ಡ ಅನ್ಯಾಯ ಸ್ಕ್ಯಾನ್ ಮಾಡಿದ ಸುತ್ತೋಲೆಗಳದು. ಕನ್ನಡ ಎಂಬ ಬಟನ್ ಒತ್ತಿದರೆ ಮೆನು ಮಾತ್ರ ಕನ್ನಡವಾಗುತ್ತದೆ, ಒಳಗಿನ ಆದೇಶಗಳು ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು. ಅವುಗಳಲ್ಲಿ ಪದ ಹುಡುಕಲಾಗದು, ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಅತ್ತಿಂದಿತ್ತ ಎಳೆದಾಡಿ ಓದಬೇಕು. ಕಣ್ಣು ಕಾಣದವರಿಗೆ ಅದು ಬರೀ ಖಾಲಿ ಹಾಳೆ. ಎನ್‌ವಿಡಿಎ ಎಂಬ ಉಚಿತ ಓದುತಂತ್ರಾಂಶಕ್ಕೆ ಕನ್ನಡ ಓದುವ ದನಿ ಇದೆ. ಪುಟದ ಭಾಷೆ ಕನ್ನಡ ಎಂದು ಒಳಗಡೆ ಒಂದು ಗುರುತು ಹಾಕಿ, ಬರಹವನ್ನು ಯೂನಿಕೋಡ್ ಅಕ್ಷರದಲ್ಲೇ ಕೊಟ್ಟರೆ ಅದು ಓದಿ ಹೇಳುತ್ತದೆ.

ಅಂಗವಿಕಲರಿಗೆ ತಾಣ ತೆರೆದಿರಬೇಕೆಂಬುದನ್ನು ದಯೆಯ ವಿಷಯವೆಂದು ನೋಡುವ ಕಾಲ ಮುಗಿದಿದೆ. ಬ್ರೂಸ್ ಮಗ್ವಾಯರ್ ಎಂಬ ಅಂಧರು ಸಿಡ್ನಿ ಒಲಿಂಪಿಕ್ಸ್ ತಾಣ ತನಗೆ ಓದಲಾಗುತ್ತಿಲ್ಲ ಎಂದು ದೂರಿತ್ತು 2000ದಲ್ಲಿ ಗೆದ್ದರು. ಸಂಘಟಕರು 20,000 ಆಸ್ಟ್ರೇಲಿಯನ್ ಡಾಲರ್ ತೆರಬೇಕಾಯಿತು. ತಾಣ ಎಲ್ಲರಿಗೂ ಎಟುಕುವಂತಿರಲು 1999ರಿಂದ ಜಾಗತಿಕ ಸೂತ್ರಗಳಿವೆ, 2023ರಲ್ಲಿ ಅವುಗಳ ಹೊಸ ಆವೃತ್ತಿ ಬಂದಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5:1 ಇರಬೇಕೆಂಬುದು ಅವುಗಳಲ್ಲೊಂದು. ಪಾಲನೆ ಹೇಗಿದೆ? ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ಮುಖಪುಟಗಳನ್ನು ಯಂತ್ರದಿಂದ ತಪಾಸಿಸುತ್ತದೆ. 2025ರಲ್ಲಿ ಶೇಕಡಾ 94.8 ಪುಟಗಳಲ್ಲಿ ಸೂತ್ರ ಮೀರಿದ್ದು ಸಿಕ್ಕಿತು, ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಮಂಕಾದ ಅಕ್ಷರ. ಬಿಳಿಯ ಮೇಲೆ ತೆಳು ಬೂದು ಅಕ್ಷರ ನಾಜೂಕಾಗಿ ಕಾಣುತ್ತದೆಂದು ನಂಬಿದ ವಿನ್ಯಾಸಕಾರರು ಬಿಸಿಲಲ್ಲಿ ನಿಂತು ಫೋನು ನೋಡುವವರನ್ನು ಮರೆತಿದ್ದಾರೆ. ನಮ್ಮ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ತೀರ್ಪಿತ್ತಿತು. ಅರ್ಜಿದಾರರಲ್ಲಿ ಆಸಿಡ್ ದಾಳಿಯಿಂದ ಮುಖ, ಕಣ್ಣು ಘಾಸಿಗೊಂಡವರಿದ್ದರು. ಬ್ಯಾಂಕ್ ಖಾತೆಗೆ ಕೆವೈಸಿ ಮಾಡುವಾಗ ರೆಪ್ಪೆ ಮಿಟುಕಿಸಿ ಎಂದು ಕೇಳಿದರೆ ಮಿಟುಕಿಸಲಾಗದವರು ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಲಿತ್ತು. ಆ ಪರದೆಯನ್ನು ರೂಪಿಸಿದವರ ಕಲ್ಪನೆಯಲ್ಲಿ ಅಂಥ ಮುಖ ಸುಳಿದಿರಲೇ ಇಲ್ಲ.

ವೇಗದ ಬಗ್ಗೆ ಹೆಚ್ಚು ವಿವಾದವಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಓದುವಾಗ ಬರಹ ಜಾಹೀರಾತಿನ ದೆಸೆಯಿಂದ ಕೆಳಕ್ಕೆ ಜಾರಬಾರದು ಎಂದು ಗೂಗಲ್ ಗೆರೆ ಎಳೆದಿದೆ. ನಮ್ಮ ಸುದ್ದಿ ತಾಣಗಳಲ್ಲಿ ಕೊನೆಯದನ್ನು ಪಾಲಿಸುವವು ಕಡಿಮೆ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಮೋಸದ ವಿನ್ಯಾಸ. ಬಳಕೆಯ ಅನುಕೂಲದ ಅಳತೆಗಳೆಲ್ಲ ಮಂಡಿಯೂರುವುದು ಇಲ್ಲೇ. ಮೋಸದ ತಾಣ ನುಣುಪಾಗಿರುತ್ತದೆ, ಬೇಗ ತೆರೆಯುತ್ತದೆ, ಕಣ್ಣಿಗೂ ಹಿತ. ಅದು ದುಡಿಯುವುದು ಮಾತ್ರ ನಿಮ್ಮ ವಿರುದ್ಧ. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇಂಥವನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆದು ಪಟ್ಟಿಮಾಡತೊಡಗಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಹೂಡಿದ ದಾವೆಯ ಪ್ರಕಾರ ಪ್ರೈಮ್ ಸದಸ್ಯತ್ವ ಬಿಡಬೇಕೆಂದರೆ ನಾಲ್ಕು ಪುಟ, ಆರು ಒತ್ತು, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು. ಕಂಪನಿಯೊಳಗೆ ಆ ದಾರಿಗೆ ಇಲಿಯಡ್ ಎಂದು ಹೆಸರಿಟ್ಟಿದ್ದರಂತೆ, ಗ್ರೀಕರ ಆ ನೀಳ ಮಹಾಕಾವ್ಯದ ಹೆಸರು. 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರಿಗೆ ಆ ವ್ಯಾಜ್ಯ ರಾಜಿಯಾಯಿತು. ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ಹದಿಮೂರು ತಂತ್ರಗಳನ್ನು ನಿಷೇಧಿಸಿದೆ: ಎರಡೇ ಸೀಟು ಉಳಿದಿವೆ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ಬೇಡ ಎನ್ನುವವರನ್ನು ನಾಚಿಸುವ ಮಾತು ಬರೆಯುವುದು, ಕೊನೆಯ ಪುಟದಲ್ಲಿ ಬೆಲೆ ಏರಿಸುವುದು, ಚಂದಾ ಬಿಡಲು ದಾರಿ ಮುಚ್ಚುವುದು ಮುಂತಾದವು.

ತಾಣ ಸಂಪೂರ್ಣ ಸುಲಲಿತವಾಗಿದ್ದು ಹೀಗೆ ಮಾಡಿದರೆ ಅದಕ್ಕೆ ಸೊನ್ನೆ ಅಂಕ ಎಂದೇ ನನ್ನ ತೀರ್ಪು. ಗೊಂದಲದ ಸರ್ಕಾರಿ ಅರ್ಜಿಯ ಹಿಂದೆ ಇರುವುದು ಅಲಕ್ಷ್ಯ, ಇಲ್ಲಿರುವುದು ಲೆಕ್ಕಾಚಾರ. ಮೊದಲನೆಯದನ್ನು ತಿದ್ದಬಹುದು, ಎರಡನೆಯದಕ್ಕೆ ಕಾನೂನೇ ಬೇಕು.

ತಾಣ ಕಟ್ಟಿಸುವ ಇಲಾಖೆಗಳ, ಸಂಘಸಂಸ್ಥೆಗಳ ಅಧಿಕಾರಿಗಳಲ್ಲಿ ಒಂದು ವಿನಂತಿ. ಟೆಂಡರಿನಲ್ಲಿ ಬಣ್ಣ, ಲಾಂಛನ, ಸ್ಲೈಡರುಗಳ ಬಗ್ಗೆ ಪುಟಗಟ್ಟಲೆ ಬರೆಯುವಾಗ ಇನ್ನೊಂದು ಷರತ್ತನ್ನೂ ಸೇರಿಸಿ: ತಾಣದ ಹಣ ಪಾವತಿಯಾಗುವ ಮುನ್ನ ತಾಲ್ಲೂಕಿನ ಒಂದಿಷ್ಟು ಜನ, ಅವರಲ್ಲಿ ವಯಸ್ಸಾದವರು, ಕಣ್ಣು ಕಾಣದವರೂ ಇರಲಿ, ತಮ್ಮದೇ ಫೋನಿನಲ್ಲಿ, ಕನ್ನಡದಲ್ಲಿ, ಮೊದಲಿಂದ ಕೊನೆವರೆಗೆ ಅರ್ಜಿ ತುಂಬಿ ಸಲ್ಲಿಸಿ ತೋರಿಸಬೇಕು. ಓದುಗರಲ್ಲಿ ಇನ್ನೊಂದು. ತಾಣ ಕೈಕೊಟ್ಟಾಗ ನಮಗೇ ಗೊತ್ತಾಗಲಿಲ್ಲ ಎಂದುಕೊಂಡು ಸುಮ್ಮನಾಗಬೇಡಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಯಾವ ಖಾನೆಯಲ್ಲಿ ನಿಂತಿತೆಂದು ಬರೆದು ತಾಣದವರಿಗೆ ಕಳಿಸಿ. ಕೊಳ್ಳುವ ತಾಣದಲ್ಲಿ ಮೋಸದ ತಂತ್ರ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.